ಸಾಲಿಡ್, ಎಂಜಿನಿಯರ್ಡ್, ಲ್ಯಾಮಿನೇಟ್: ಬಳಸಿ ನೋಡಿದ ಮೂರು ನೆಲಹಾಸುಗಳು

ಸಾಲಿಡ್ ವುಡ್, ಎಂಜಿನಿಯರ್ಡ್ ವುಡ್ ಮತ್ತು ಲ್ಯಾಮಿನೇಟ್ ನೆಲಹಾಸುಗಳು ಮೇಲಿನಿಂದ ನೋಡಿದರೆ ಒಂದೇ ಓಕ್ ಮರದವೆಂಬಂತೆ ಕಾಣಬಹುದು. ವ್ಯತ್ಯಾಸ ತಿಳಿಯಲು ಹಲಗೆಯ ಅಂಚನ್ನು ನೋಡಬೇಕು. ಸಾಲಿಡ್ ಹಲಗೆ ಮೇಲಿನಿಂದ ಕೆಳಗಿನವರೆಗೂ ಒಂದೇ ಮರದ ತುಂಡು. ಎಂಜಿನಿಯರ್ಡ್ ಹಲಗೆಯಲ್ಲಿ ಕಣ್ಣಿಗೆ ಕಾಣುವ ಮರವಿರುವುದು ಮೇಲಿನ ವೇರ್ ಲೇಯರ್ ಎಂಬ ಪದರದಲ್ಲಿ. ಅದರ ಕೆಳಗೆ ಸಾಮಾನ್ಯವಾಗಿ ಎಳೆಗಳು ಅಡ್ಡಡ್ಡ ಬರುವಂತೆ ಅಂಟಿಸಿದ ಪ್ಲೈವುಡ್ ಇರುತ್ತದೆ. ಲ್ಯಾಮಿನೇಟ್‌ನ ತಿರುಳು ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್, ಮೇಲೆ ಕಾಣುವುದು ಮರದ ಚಿತ್ರ ಮುದ್ರಿಸಿದ ಕಾಗದ ಮತ್ತು ಅದನ್ನು ಕಾಯುವ ಪಾರದರ್ಶಕ ಪದರ.

ಈ ಮೂರನ್ನೂ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಬಳಸುತ್ತಿರುವ ನನಗೆ ಹೆಚ್ಚು ಕಲಿಸಿದ್ದು ಸಾಲಿಡ್ ಓಕ್. ಗಾಳಿಯ ತೇವ ಏರಿಳಿದಂತೆ ಮರವು ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ, ಉದ್ದದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಒಣಹವೆಯಲ್ಲಿ ನಮ್ಮ ಹಜಾರದ ಹಲಗೆಗಳ ನಡುವೆ ಕೂದಲೆಳೆಯಂಥ ಸಂದುಗಳು ಮೂಡಿ, ತೇವ ಹೆಚ್ಚಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬಗ್ಗಿ ನೋಡಿದರೆ, ಕಮಾನಿನಂಥ ಗೆರೆಗಳಿರುವ ಫ್ಲಾಟ್ ಸಾನ್ ಹಲಗೆಗಳ ಪಕ್ಕದಲ್ಲಿ ಸಂದು ಎದ್ದು ಕಾಣುತ್ತದೆ, ನೇರ ಗೆರೆಗಳ ಕ್ವಾರ್ಟರ್ ಸಾನ್ ಹಲಗೆಗಳ ಪಕ್ಕದಲ್ಲಿ ಹುಡುಕಬೇಕಾಗುತ್ತದೆ. ಫ್ಲಾಟ್ ಸಾನ್ ಹಲಗೆಯ ಅಗಲ ಮರದ ವಾರ್ಷಿಕ ಬಳೆಗಳ ಗುಂಟ, ಕ್ವಾರ್ಟರ್ ಸಾನ್ ಹಲಗೆಯ ಅಗಲ ಅವಕ್ಕೆ ಅಡ್ಡಲಾಗಿ ಬರುವಂತೆ ಕೊಯ್ದಿರುತ್ತಾರೆ. ಮರವು ಬಳೆಗಳ ಗುಂಟ ಕುಗ್ಗುವ ಪ್ರಮಾಣ ಅವಕ್ಕೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟಿರುವುದೇ ಇದಕ್ಕೆ ಕಾರಣ. ಮಲಗುವ ಕೋಣೆಯ ಎಂಜಿನಿಯರ್ಡ್ ನೆಲದಲ್ಲಿ ಅಡ್ಡ ಪದರಗಳು ಈ ಚಲನೆಯನ್ನು ಹಿಡಿದಿಡುವುದರಿಂದ ಇಂಥ ಸಂದುಗಳು ನನ್ನ ಕಣ್ಣಿಗೆ ಬಿದ್ದಿಲ್ಲ.

ಬಾಳಿಕೆಯ ವಿಷಯದಲ್ಲಿ ಹಲಗೆಯ ಒಟ್ಟು ದಪ್ಪವನ್ನಷ್ಟೇ ನೋಡಿ ಕೊಳ್ಳಬಾರದೆಂದು ಒತ್ತಿ ಹೇಳುತ್ತೇನೆ. ಸಾಲಿಡ್ ಹಲಗೆ ಸಾಮಾನ್ಯವಾಗಿ 18ರಿಂದ 20 ಮಿ.ಮೀ. ದಪ್ಪವಿದ್ದರೂ ಉಜ್ಜಿ ಹೊಸ ಪಾಲಿಶ್ ಕೊಡಲು ಸಿಗುವುದು ಹಲಗೆಗಳನ್ನು ಜೋಡಿಸುವ ನಾಲಿಗೆಯ ಮೇಲಿರುವ ಭಾಗ ಮಾತ್ರ. ಹೀಗಾಗಿ 4ರಿಂದ 6 ಮಿ.ಮೀ. ವೇರ್ ಲೇಯರ್ ಇರುವ ಎಂಜಿನಿಯರ್ಡ್ ಹಲಗೆ ಆಯುಷ್ಯದಲ್ಲಿ ಸಾಲಿಡ್‌ಗೆ ಹತ್ತಿರ ನಿಲ್ಲುತ್ತದೆ, 0.6 ಮಿ.ಮೀ.ನದನ್ನು ಯಂತ್ರದಲ್ಲಿ ಉಜ್ಜಿದರೆ ಕೆಳಗಿನ ಪ್ಲೈವುಡ್ ಹೊರಬರುವ ಅಪಾಯವಿದೆ. ಎರಡನ್ನೂ ಎಂಜಿನಿಯರ್ಡ್ ಎಂದೇ ಮಾರುವುದರಿಂದ ಈ ಅಳತೆಯನ್ನು ಕೇಳಿಯೇ ಕೊಳ್ಳಬೇಕು.

ಗಡಸುತನಕ್ಕೆ ಹೇಳುವ ಜಾಂಕಾ ಸಂಖ್ಯೆ, 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧದಷ್ಟು ಇಳಿಸಲು ಬೇಕಾದ ಬಲ. ರೆಡ್ ಓಕ್‌ಗೆ ಅದು ಸುಮಾರು 1290 ಪೌಂಡ್. ಅದು ಮರ ತಗ್ಗಾಗುವುದನ್ನು ಸೂಚಿಸುತ್ತದೆಯೇ ಹೊರತು ಮೇಲಿನ ಪಾಲಿಶ್‌ಗೆ ಗೀರು ಬೀಳುವುದನ್ನಲ್ಲ. ಲ್ಯಾಮಿನೇಟ್‌ಗೆ, ಮೇಲ್ಪದರ ಸವೆತವನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಎಸಿ ದರ್ಜೆಯನ್ನು ನೋಡಬೇಕು.

ಗೀರು ತಡೆಯುವುದರಲ್ಲಿ ನನ್ನ ಓದುಕೋಣೆಯ ಲ್ಯಾಮಿನೇಟ್ ಉಳಿದೆರಡನ್ನೂ ಮೀರಿಸಿದೆ. ಗಾಲಿ ಕುರ್ಚಿಯ ಕೆಳಗೂ ಅದು ಮಾಸಿಲ್ಲ. ಆದರೆ ಕಿಟಕಿಯ ಬಳಿ ನೀರು ನಿಂತ ಜಾಗದಲ್ಲಿ ಅಂಚುಗಳು ಉಬ್ಬಿ ಹಾಗೆಯೇ ಉಳಿದಿವೆ, ಮತ್ತು ಚಿತ್ರವನ್ನು ಉಜ್ಜಿ ಸರಿಪಡಿಸುವಂತಿಲ್ಲ. ಮತ್ತೊಂದು ಕೋಣೆಗೆ ಹಾಕಿಸುವುದಾದರೆ ನನ್ನ ಆಯ್ಕೆ 4 ಮಿ.ಮೀ. ವೇರ್ ಲೇಯರ್‌ನ ಎಂಜಿನಿಯರ್ಡ್ ಓಕ್.