ಹಾಲೋ ನೈಟ್: ಮ್ಯಾಪ್ ಸಿಗುವ ತನಕ ದಿಕ್ಕು ತಪ್ಪಿಯೇ ಆಡಬೇಕಾದ ಗೇಮ್

ಹಾಲೋ ನೈಟ್ ಶುರುಮಾಡಿ ಮೂರ್ನಾಲ್ಕು ಗಂಟೆಯಲ್ಲೇ ಕೈಬಿಡುವವರು ಹೇಳುವ ಕಾರಣ ಹೆಚ್ಚುಕಡಿಮೆ ಒಂದೇ: ಎಲ್ಲಿಗೆ ಹೋಗಬೇಕು ಅಂತ ಗೇಮ್ ಹೇಳುವುದೇ ಇಲ್ಲ. ದೂರು ಸುಳ್ಳಲ್ಲ. ಪರದೆಯ ಮೂಲೆಯಲ್ಲಿ ಬಾಣವಿಲ್ಲ, ಮಾಡಬೇಕಾದ ಕೆಲಸಗಳ ಪಟ್ಟಿಯಿಲ್ಲ, ಹೊಸ ಜಾಗ ಹೊಕ್ಕಾಗ ಮ್ಯಾಪ್ ಕೂಡ ಇರುವುದಿಲ್ಲ. ಆದರೆ ಪೂರ್ತಿ ಮುಗಿಸಿ ಮತ್ತೆ ಮೊದಲಿನಿಂದ ಆಡಿದವರಿಗೆ ಗೊತ್ತಾಗುವ ಸಂಗತಿ ಬೇರೆ. ದಾರಿ ತೋರಿಸುವ ಏರ್ಪಾಡು ಇದರಲ್ಲಿ ಬೇಕಾದಷ್ಟಿದೆ, ಅದನ್ನು ಬಿಡಿಬಿಡಿಯಾಗಿ ಮಾರಾಟಕ್ಕಿಟ್ಟಿದ್ದಾರೆ ಅಷ್ಟೇ. ಯಾವುದನ್ನು ಮೊದಲು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಓದಬೇಕು ಎನ್ನುವುದರ ಮೇಲೆ ನಿಮ್ಮ ಮೊದಲ ಹತ್ತು ಗಂಟೆ ನಿಂತಿದೆ.

ಮೊದಲು ಗೇಮ್‌ನ ಪರಿಚಯ. ಹುಳಗಳ ಪಾಳುಬಿದ್ದ ನೆಲದಡಿಯ ರಾಜ್ಯದಲ್ಲಿ ಅಲೆಯುತ್ತ, ಹೊಡೆದಾಡುತ್ತ ದಾರಿ ಹುಡುಕುವ ಗೇಮ್ ಇದು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಮಾಡಿದ್ದು. ಪಿಸಿಗೆ ಬಂದದ್ದು 2017ರ ಫೆಬ್ರವರಿಯಲ್ಲಿ, ಸ್ವಿಚ್, ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗೆ 2018ರಲ್ಲಿ. ಆಮೇಲೆ ಬಂದ ನಾಲ್ಕು ಹೆಚ್ಚುವರಿ ಪ್ಯಾಕ್‌ಗಳೂ ಉಚಿತ, ಈಗ ಕೊಂಡರೆ ಎಲ್ಲವೂ ಸೇರಿಯೇ ಬರುತ್ತದೆ. ಪಿಸಿಗೆ 4 ಜಿಬಿ ರ‍್ಯಾಮ್, 9 ಜಿಬಿ ಜಾಗ ಸಾಕು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಕೀಬೋರ್ಡ್‌ನಲ್ಲಿ ಆಡಬಹುದು, ಕಂಟ್ರೋಲರ್ ಇದ್ದರೆ ಬೆರಳಿಗೆ ಸುಖ. ಕನ್ನಡವಿರಲಿ, ಭಾರತದ ಯಾವ ಭಾಷೆಯೂ ಇದರಲ್ಲಿಲ್ಲ. ಮಾತು ಕಡಿಮೆ, ಇರುವ ಮಾತು ಒಗಟಿನಂಥ ಇಂಗ್ಲಿಷ್. ಅದು ಪೂರ್ತಿ ಅರ್ಥವಾಗದಿದ್ದರೂ ದಾರಿ ಹುಡುಕಲು ತೊಂದರೆಯಾಗದು, ಯಾಕೆಂದರೆ ಮುಖ್ಯ ಸುಳಿವುಗಳು ಕಣ್ಣಿಗೆ ಮತ್ತು ಕಿವಿಗೆ ಸಿಗುವಂಥವು.

ಮ್ಯಾಪ್ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಇಲ್ಲಿ ದುಡ್ಡಿನ ಹೆಸರು ಜಿಯೋ. ಬಹುತೇಕ ಪ್ರತಿ ಪ್ರದೇಶದಲ್ಲೂ ಕಾರ್ನಿಫರ್ ಎಂಬ ನಕ್ಷೆಗಾರ ಎಲ್ಲೋ ಒಂದು ಮೂಲೆಯಲ್ಲಿ ಕೂತಿರುತ್ತಾನೆ. ನೆಲದ ಮೇಲೆ ಹಾಳೆಗಳು ಚೆಲ್ಲಿದ್ದರೆ, ಯಾರೋ ಗುನುಗುವ ದನಿ ಕೇಳಿದರೆ ಆತ ಹತ್ತಿರದಲ್ಲೇ ಇದ್ದಾನೆ ಎಂದರ್ಥ. ಹತ್ತಿರವಾದಷ್ಟೂ ದನಿ ಜೋರಾಗುತ್ತದೆ. ಸ್ಪೀಕರ್ ಆಫ್ ಮಾಡಿ ಆಡುವವರು ಅರ್ಧ ಸುಳಿವನ್ನು ಇಲ್ಲೇ ಕಳೆದುಕೊಳ್ಳುತ್ತಾರೆ, ಇಯರ್‌ಫೋನ್ ಹಾಕಿಕೊಂಡೇ ಕೂರುವುದು ಒಳ್ಳೆಯದು.

ಆತ ಮಾರುವುದು ಅರೆಬರೆ ಮ್ಯಾಪ್. ಉಳಿದ ಕೋಣೆಗಳನ್ನು ನೀವು ಸುತ್ತಿ ತುಂಬಬೇಕು, ತುಂಬಲು ಕ್ವಿಲ್ ಎಂಬ ಲೇಖನಿ ಬೇಕು. ಅದು ಡರ್ಟ್‌ಮೌತ್ ಊರಿನಲ್ಲಿ ಇಸೆಲ್ಡಾಳ ಅಂಗಡಿಯಲ್ಲಿ 120 ಜಿಯೋಗೆ ಸಿಗುತ್ತದೆ. ಕ್ವಿಲ್ ಕೊಂಡ ಮೇಲೂ ನಡೆದ ಕೂಡಲೇ ಮ್ಯಾಪ್ ಮೇಲೆ ಗೆರೆ ಮೂಡುವುದಿಲ್ಲ, ಬೆಂಚಿನ (ವಿಶ್ರಾಂತಿ ಪಡೆದು ಆಟ ಸೇವ್ ಮಾಡುವ ಜಾಗ) ಮೇಲೆ ಕೂತಾಗ ಮಾತ್ರ ಹೊಸ ಕೋಣೆಗಳು ಸೇರುತ್ತವೆ. ಇನ್ನೊಂದು ಷರತ್ತೂ ಇದೆ: ಯಾವ ಪ್ರದೇಶದ ಮ್ಯಾಪ್ ಕೊಂಡಿಲ್ಲವೋ ಅಲ್ಲಿ ಕ್ವಿಲ್ ಇದ್ದೂ ಉಪಯೋಗವಿಲ್ಲ. "ಇಷ್ಟು ಸುತ್ತಿದರೂ ಮ್ಯಾಪ್ ಖಾಲಿ" ಎನ್ನುವವರು ಈ ಮೂರರಲ್ಲಿ ಯಾವುದೋ ಒಂದನ್ನು ಬಿಟ್ಟಿರುತ್ತಾರೆ.

ವೇವರ್ಡ್ ಕಂಪಾಸ್ ಇದೆಲ್ಲಕ್ಕಿಂತ ಪ್ರಸಿದ್ಧ. ಮ್ಯಾಪ್ ಮೇಲೆ ನೀವು ಎಲ್ಲಿದ್ದೀರಿ ಎಂದು ತೋರಿಸುವುದು ಅದೊಂದೇ. ಬೆಲೆ 220 ಜಿಯೋ. ಅದು ಚಾರ್ಮ್, ಅಂದರೆ ತೊಟ್ಟರೆ ವಿಶೇಷ ಗುಣ ಕೊಡುವ ತಾಯಿತ. ಆದ್ದರಿಂದ ಒಂದು ನಾಚ್ (ಚಾರ್ಮ್ ತೊಡಲು ಇರುವ ಸ್ಥಾನ) ಹಿಡಿಯುತ್ತದೆ, ಶುರುವಿನಲ್ಲಿ ಇರುವುದೇ 3 ನಾಚ್. ಕೈಯಲ್ಲಿ ಎರಡಕ್ಕೂ ಸಾಲುವಷ್ಟು ದುಡ್ಡಿಲ್ಲದಿದ್ದರೆ ಕ್ವಿಲ್ ಮೊದಲು ತಗೊಳ್ಳಿ. ಕೋಣೆಗಳೇ ಮೂಡದ ಮ್ಯಾಪ್ ಮೇಲೆ ಕಂಪಾಸ್ ಇಟ್ಟು ಏನು ಫಲ? ಆಮೇಲೆ ಕಂಪಾಸ್, ಅದರ ನಂತರ 100 ಜಿಯೋದ ಬೆಂಚ್ ಪಿನ್. ನೋಡಿದ ಬೆಂಚುಗಳನ್ನು ಮ್ಯಾಪ್ ಮೇಲೆ ತೋರಿಸುವ ಈ ಪಿನ್ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಆದರೆ ದಾರಿ ತಪ್ಪಿದಾಗ ಬೇಕಾಗುವ ಮೊದಲ ಮಾಹಿತಿಯೇ ಅದು.

ತಾನೆಲ್ಲಿದ್ದೇನೆ ಎಂದು ತಿಳಿಯಲೂ ನಾಚ್ ತೆರಬೇಕೇ ಎಂದು ಸಿಟ್ಟಾಗುವವರ ಮಾತಿನಲ್ಲಿ ನ್ಯಾಯವಿದೆ. ಆದರೂ ಈ ವಿನ್ಯಾಸ ಕೆಲಸ ಮಾಡುತ್ತದೆ. ಹೊಸ ಪ್ರದೇಶಕ್ಕೆ ಕಂಪಾಸ್ ಹಾಕಿಕೊಂಡು ಹೋಗಿ, ಬಾಸ್ (ದೊಡ್ಡ ಎದುರಾಳಿ) ಹತ್ತಿರದ ಬೆಂಚಿನಲ್ಲಿ ತೆಗೆದು ಹೊಡೆದಾಟಕ್ಕೆ ಬೇಕಾದ ಚಾರ್ಮ್ ಹಾಕಿ. ಚಾರ್ಮ್ ಬದಲಿಸಲು ಬೆಂಚೇ ಆಗಬೇಕು ಎನ್ನುವುದು ನೆನಪಿರಲಿ. ನಾಚ್‌ಗಳು ಕೊನೆಗೆ 11ರವರೆಗೆ ಬೆಳೆಯುತ್ತವೆ, ಅಷ್ಟರಲ್ಲಿ ಮೊದಲಿಗೆ ಸಿಗುವ ಕ್ರಾಸ್‌ರೋಡ್ಸ್ ಮತ್ತು ಗ್ರೀನ್‌ಪಾತ್ ಪ್ರದೇಶಗಳು ಹೇಗೂ ಬಾಯಿಪಾಠವಾಗಿರುತ್ತವೆ.

ಮ್ಯಾಪ್ ಓದುವುದಕ್ಕೂ ಒಂದು ರೂಢಿ ಬೇಕು. ಕಂಟ್ರೋಲರಿನ ಎಡ ಬಂಪರ್ ಅಥವಾ ಕೀಬೋರ್ಡಿನ ಟ್ಯಾಬ್ ಒತ್ತಿ ಹಿಡಿದರೆ ಇರುವ ಪ್ರದೇಶದ ಮ್ಯಾಪ್ ಬರುತ್ತದೆ, ಅದನ್ನು ನೋಡುತ್ತಲೇ ನಿಧಾನವಾಗಿ ನಡೆಯಬಹುದು. ಆ ಹೊತ್ತಿನಲ್ಲಿ ಗೇಮ್ ನಿಂತಿರುವುದಿಲ್ಲ, ಪಕ್ಕದ ಹುಳ ಬಂದು ಹೊಡೆದೇ ಹೊಡೆಯುತ್ತದೆ. ಮ್ಯಾಪ್ ಮೇಲಿನ ಕೋಣೆಗಳ ಗೆರೆಯಲ್ಲಿ ಎಲ್ಲಿ ಬಾಯಿ ತೆರೆದಿದೆಯೋ ಅಲ್ಲಿ ದಾರಿ ಇದೆ. ಆ ಬಾಯಿಯ ಆಚೆ ಇನ್ನೊಂದು ಕೋಣೆ ಬರೆದಿದ್ದರೆ ಅದು ಹೋಗಿಬಂದ ದಾರಿ. ಆಚೆ ಬರೀ ಕತ್ತಲಿದ್ದರೆ ಅದು ನೀವು ನೋಡದ್ದು. ಮುಂದೇನು ಎಂದು ತೋಚದಾಗ ಗಾಣದ ಎತ್ತಿನಂತೆ ಅದೇ ನಾಲ್ಕು ಕೋಣೆ ಸುತ್ತುವ ಬದಲು, ಬೆಂಚಿನ ಮೇಲೆ ಕೂತು ಇಂಥ ತೆರೆದ ಬಾಯಿಗಳನ್ನು ಎಣಿಸಿ. ಒಡೆಯುವ ಗೋಡೆಗಳು ಮಾತ್ರ ಮ್ಯಾಪ್‌ನಲ್ಲಿ ಕಾಣುವುದಿಲ್ಲ. ಬಿರುಕು ಬಿಟ್ಟ ಗೋಡೆ ಕಂಡರೆ ನೇಲ್ ಎಂಬ ನಿಮ್ಮ ಕತ್ತಿಯಿಂದ ಒಂದೆರಡು ಏಟು ಹಾಕಿ ನೋಡಬೇಕು.

ದಾರಿ ಕಾಣುತ್ತದೆ, ಹೋಗಲು ಆಗುವುದಿಲ್ಲ ಎನ್ನುವ ಕಡೆ ಗುರುತು ಹಾಕಿ ಬನ್ನಿ. ಇಸೆಲ್ಡಾ ಬೇರೆಬೇರೆ ಬಗೆಯ ಮಾರ್ಕರ್‌ಗಳನ್ನು ಮಾರುತ್ತಾಳೆ, ಒಂದೊಂದು ಬಗೆಯನ್ನು ಒಂದೊಂದು ಅಡ್ಡಿಗೆ ಮೀಸಲಿಟ್ಟರೆ ಮುಂದೆ ಹೊಸ ಶಕ್ತಿ ಸಿಕ್ಕ ದಿನ ಎಲ್ಲಿಗೆ ವಾಪಸ್ ಹೋಗಬೇಕೆಂದು ಯೋಚಿಸಬೇಕಿಲ್ಲ. ಅಡ್ಡಿಯ ರೂಪವೇ ಕೀಲಿಯನ್ನು, ಅಂದರೆ ದಾಟಲು ಬೇಕಾದ ಶಕ್ತಿ ಅಥವಾ ವಸ್ತುವನ್ನು, ಹೇಳುತ್ತದೆ. ಬರೀ ಎತ್ತರದ ಗೋಡೆಯಾದರೆ ಮ್ಯಾಂಟಿಸ್ ಕ್ಲಾ, ಗೋಡೆಯ ಆಸರೆಯೂ ಇಲ್ಲದ ಎತ್ತರದ ಅಟ್ಟವಾದರೆ ಮೊನಾರ್ಕ್ ವಿಂಗ್ಸ್. ಟೊಳ್ಳು ನೆಲಕ್ಕೆ ಡೆಸೊಲೇಟ್ ಡೈವ್, ಒಂದೇ ನೆಗೆತಕ್ಕೆ ದಾಟದ ಅಗಲದ ಕಂದಕಕ್ಕೆ ಕ್ರಿಸ್ಟಲ್ ಹಾರ್ಟ್, ಆ್ಯಸಿಡ್ ಕೊಳಕ್ಕೆ ಇಸ್ಮಾಸ್ ಟಿಯರ್, ಕಪ್ಪು ಹೊಗೆಯಂಥ ಬಾಗಿಲಿಗೆ ಶೇಡ್ ಕ್ಲೋಕ್. ಪೂರ್ತಿ ಕತ್ತಲ ಕೋಣೆಯಾದರೆ ಲುಮಾಫ್ಲೈ ಲ್ಯಾಂಟರ್ನ್.

ಈ ಲ್ಯಾಂಟರ್ನ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದರ ಬೆಲೆ 1800 ಜಿಯೋ, ಮಾರುವವನು ಸ್ಲೈ. ಆತನನ್ನು ಕ್ರಾಸ್‌ರೋಡ್ಸ್‌ನ ಒಂದು ಗುಡಿಸಿಲಿನಲ್ಲಿ ಮಾತಾಡಿಸಿ ಎಚ್ಚರಿಸಿದರೆ ಮಾತ್ರ ಡರ್ಟ್‌ಮೌತ್‌ನ ಅಂಗಡಿ ತೆರೆಯುತ್ತದೆ. ಹೊಸಬರು 1800 ನೋಡಿ ಕ್ರಾಸ್‌ರೋಡ್ಸ್‌ನಲ್ಲೇ ಹುಳ ಹೊಡೆದು ಹೊಡೆದು ಕೂಡಿಡಲು ಹೊರಡುತ್ತಾರೆ, ನಡುವೆ ಸತ್ತು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಅದರ ಅಗತ್ಯವೇ ಇಲ್ಲ. ಸಿಟಿ ಆಫ್ ಟಿಯರ್ಸ್ ಎಂಬ ಪ್ರದೇಶದಲ್ಲಿ ಲೆಮ್ ಎಂಬ ಪುರಾತನ ವಸ್ತುಗಳ ವ್ಯಾಪಾರಿ ಇದ್ದಾನೆ. ದಾರಿಯುದ್ದಕ್ಕೂ ಸಿಗುವ ವಾಂಡರರ್ಸ್ ಜರ್ನಲ್ ಒಂದಕ್ಕೆ 200, ಹ್ಯಾಲೋನೆಸ್ಟ್ ಸೀಲ್‌ಗೆ 450, ಕಿಂಗ್ಸ್ ಐಡಲ್‌ಗೆ 800 ಕೊಡುತ್ತಾನೆ. 4 ಸೀಲ್ ಕೊಟ್ಟರೆ ಲೆಕ್ಕ ಸರಿಯಾಗಿ 1800. ಈ ವಸ್ತುಗಳ ಇನ್ನೊಂದು ಗುಣವೆಂದರೆ ಸತ್ತರೂ ಕೈಬಿಡುವುದಿಲ್ಲ. ಕ್ರಿಸ್ಟಲ್ ಪೀಕ್‌ಗೆ ಹೋಗಲೂ ಲ್ಯಾಂಟರ್ನ್ ಕಡ್ಡಾಯವಲ್ಲ, ಡೆಸೊಲೇಟ್ ಡೈವ್ ಸಿಕ್ಕ ಮೇಲೆ ನೆಲ ಒಡೆದು ಹೋಗುವ ಬೇರೆ ದಾರಿ ಇದೆ. ಅಂದಹಾಗೆ, ಫಂಗಲ್ ವೇಸ್ಟ್ಸ್‌ನಲ್ಲಿ ಜಿಯೋ ಜಮಾ ಮಾಡಿಕೊಳ್ಳುವ ಬ್ಯಾಂಕಿನಾಕೆಯನ್ನು ಹೆಚ್ಚು ನಂಬಬೇಡಿ. ಅಷ್ಟೇ ಹೇಳುತ್ತೇವೆ.

ಸತ್ತರೆ ಕೈಯಲ್ಲಿದ್ದ ಜಿಯೋ ಎಲ್ಲ ಸತ್ತ ಜಾಗದಲ್ಲೇ ನಿಮ್ಮ ನೆರಳಿನ ಬಳಿ ಉಳಿಯುತ್ತದೆ, ಮತ್ತೆ ಹೋಗಿ ಅದನ್ನು ಹೊಡೆದು ವಾಪಸ್ ಪಡೆಯಬೇಕು. ಅಷ್ಟರೊಳಗೆ ಇನ್ನೊಮ್ಮೆ ಸತ್ತರೆ ಆ ದುಡ್ಡು ಹೋದಂತೆಯೇ. ದಿಕ್ಕು ತಪ್ಪಿದವರಿಗೆ ಇದು ಎರಡು ಪಟ್ಟು ಶಿಕ್ಷೆ, ಯಾಕೆಂದರೆ ಗೊತ್ತಿಲ್ಲದ ಜಾಗಕ್ಕೇ ಮತ್ತೆ ಹೋಗಬೇಕು. ಮ್ಯಾಪ್ ಕೊಂಡಿದ್ದರೆ ನೆರಳಿನ ಗುರುತು ಅದರ ಮೇಲೆ ಕಾಣುತ್ತದೆ. ತೀರಾ ಹೋಗಲಾರದ ಜಾಗವಾದರೆ ಡರ್ಟ್‌ಮೌತ್‌ನಲ್ಲಿ ಬೀಗ ಹಾಕಿದ ಬಾಗಿಲನ್ನು ಸಿಂಪಲ್ ಕೀ ಹಾಕಿ ತೆರೆದು, ಒಳಗಿರುವ ಜಿಜಿಗೆ ಒಂದು ರ‍್ಯಾನ್ಸಿಡ್ ಎಗ್ ಕೊಟ್ಟರೆ ನೆರಳನ್ನು ಅಲ್ಲಿಗೇ ಕರೆಸುತ್ತಾಳೆ.

ಮೊದಲ ಹಂತದ ದಾರಿ ನಿಜಕ್ಕೂ ನೇರ, ಅದು ನೇರವೆಂದು ಗೇಮ್ ತೋರಗೊಡುವುದಿಲ್ಲ ಅಷ್ಟೇ. ಕ್ರಾಸ್‌ರೋಡ್ಸ್‌ನಲ್ಲಿ ಫಾಲ್ಸ್ ನೈಟ್ ಬಾಸ್ ಸೋಲಿಸಿದರೆ ಸಿಟಿ ಆಫ್ ಟಿಯರ್ಸ್ ಬಾಗಿಲು ತೆರೆಯುವ ಸಿಟಿ ಕ್ರೆಸ್ಟ್ ಸಿಗುತ್ತದೆ. ಆಮೇಲೆ ಶಾಮನ್ ಬಳಿ ವೆಂಜ್‌ಫುಲ್ ಸ್ಪಿರಿಟ್ ಎಂಬ ಮಂತ್ರ ಪಡೆದು, ಗ್ರೀನ್‌ಪಾತ್ ಬಾಯಿಗೆ ಅಡ್ಡ ಕೂತ ದೊಡ್ಡ ಹುಳವನ್ನು ಅದರಿಂದ ತೆಗೆಯಬೇಕು. ಗ್ರೀನ್‌ಪಾತ್ ಕೊನೆಯಲ್ಲಿ ಹಾರ್ನೆಟ್ ಎಂಬ ಬಾಸ್ ಜೊತೆ ಹೊಡೆದಾಟ, ಗೆದ್ದರೆ ಡ್ಯಾಶ್, ಅಂದರೆ ಒಮ್ಮೆಗೇ ಮುನ್ನುಗ್ಗುವ ಶಕ್ತಿ. ಡ್ಯಾಶ್‌ನಿಂದ ಫಂಗಲ್ ವೇಸ್ಟ್ಸ್ ದಾಟಿ ಮ್ಯಾಂಟಿಸ್ ವಿಲೇಜ್‌ನಲ್ಲಿ ಮ್ಯಾಂಟಿಸ್ ಕ್ಲಾ.

ಕ್ಲಾ ಕೈಗೆ ಬಂದ ಗಳಿಗೆಯೇ ಜನ ನಿಜವಾಗಿ ದಿಕ್ಕು ತಪ್ಪುವುದು. ಅಲ್ಲಿಯ ತನಕ ಒಂದೆರಡೇ ದಾರಿ ಇದ್ದದ್ದು ಒಮ್ಮೆಲೇ ಐದಾರು ಕಡೆ ತೆರೆದುಕೊಳ್ಳುತ್ತದೆ. ಸಲಹೆ ಒಂದೇ: ಸಿಟಿ ಆಫ್ ಟಿಯರ್ಸ್‌ಗೆ ಹೋಗಿ. ಕ್ರೆಸ್ಟ್ ಇಟ್ಟು ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಗಾಬರಿ ಬೇಡ. ಹತ್ತಿರದಲ್ಲೇ ಸ್ಟೋರ್‌ರೂಮ್ಸ್ ಸ್ಟ್ಯಾಗ್ ಸ್ಟೇಷನ್ (ಬೇರೆ ಪ್ರದೇಶಗಳಿಗೆ ಬೇಗ ಕರೆದೊಯ್ಯುವ ನಿಲ್ದಾಣ) ಇದೆ, ತೆರೆಯಲು 200 ಜಿಯೋ ಬೇಕು, ಅಷ್ಟನ್ನಾದರೂ ಇಟ್ಟುಕೊಂಡೇ ಒಳಗೆ ಕಾಲಿಡಿ.

ಮ್ಯಾಂಟಿಸ್ ವಿಲೇಜ್‌ನ ಬಾಸ್‌ಗಳಾದ ಮ್ಯಾಂಟಿಸ್ ಲಾರ್ಡ್ಸ್‌ರನ್ನು ಸೋಲಿಸಿದ ಹುರುಪಿನಲ್ಲಿ ಕೆಳಗೆ ಇಳಿದುಬಿಡುವುದು ಇನ್ನೊಂದು ತಪ್ಪು. ಕೆಳಗಿರುವುದು ಡೀಪ್‌ನೆಸ್ಟ್: ಕತ್ತಲೆ, ಇಕ್ಕಟ್ಟು, ಸತ್ತಂತೆ ಬಿದ್ದಿದ್ದು ಮತ್ತೆ ಎದ್ದು ಬರುವ ಹುಳಗಳು. ಲ್ಯಾಂಟರ್ನ್ ಇಲ್ಲದೆ ಅಲ್ಲಿ ಇಳಿದರೆ ಮ್ಯಾಪ್ ಇದ್ದೂ ಪ್ರಯೋಜನ ಕಡಿಮೆ. ಇಳಿದು ಸಿಕ್ಕಿಕೊಂಡರೆ, ಅಲ್ಲಿನ ಯಾವ ಬೆಂಚಿನಲ್ಲೂ ಕೂರುವ ಮೊದಲು, ಮೆನುವಿನಿಂದ ಸೇವ್ ಮಾಡಿ ಹೊರಬನ್ನಿ. ಮತ್ತೆ ತೆರೆದಾಗ ಕೊನೆಗೆ ಕೂತ ಬೆಂಚಿನಲ್ಲಿ ಎಚ್ಚರವಾಗುತ್ತೀರಿ, ಜಿಯೋ ಮತ್ತು ಸಿಕ್ಕ ವಸ್ತುಗಳೆಲ್ಲ ಕೈಯಲ್ಲೇ ಇರುತ್ತವೆ. ಅಲ್ಲೇ ಬೆಂಚಿನಲ್ಲಿ ಕೂತುಬಿಟ್ಟಿದ್ದರೆ ಈ ಉಪಾಯ ನಡೆಯದು, ನಡೆದೇ ಹೊರಬರಬೇಕು. ಇದನ್ನು ಮೋಸ ಎನ್ನುವ ಶುದ್ಧವಾದಿಗಳಿದ್ದಾರೆ. ಸಂಜೆ ಒಂದು ಗಂಟೆ ಬಿಡುವು ಸಿಗುವವರು ಅವರ ಮಾತು ಕೇಳಬೇಕಿಲ್ಲ.

ಕೆಲವು ಕಡೆ ಗೇಮ್ ಅನ್ಯಾಯವನ್ನೇ ಮಾಡುತ್ತದೆ. ರೆಸ್ಟಿಂಗ್ ಗ್ರೌಂಡ್ಸ್‌ಗೆ ಕಾರ್ನಿಫರ್ ಬರುವುದೇ ಇಲ್ಲ. ಅದರ ಮ್ಯಾಪ್ ಇಸೆಲ್ಡಾ ಬಳಿಯಿದೆ, ಆದರೆ ಯಾರೂ ಹೇಳುವುದಿಲ್ಲ, ಆತನ ಗುನುಗಿಗೆ ಕಿವಿಗೊಟ್ಟು ಅರ್ಧ ಗಂಟೆ ಅಲೆಯುವುದೊಂದೇ ಬಂತು. ಕನಸುಗಳೊಳಗೆ ಹೊಗಿಸುವ ಡ್ರೀಮ್ ನೇಲ್ ಎಂಬ ಆಯುಧ ಸಿಕ್ಕ ಮೇಲೆ ಹುಡುಕಬೇಕಾದ ಮೂವರು ಡ್ರೀಮರ್‌ಗಳ ಗುರುತು ಮ್ಯಾಪ್‌ನಲ್ಲಿ ಮೂಡುತ್ತದೆ, ಇಡೀ ಗೇಮ್‌ನಲ್ಲಿ ಬಾಯಿಬಿಟ್ಟು ಹೇಳುವ ಗುರಿ ಅದೊಂದೇ. ಆ ಹಂತಕ್ಕೆ ಬರುವಷ್ಟರಲ್ಲಿ ಹತ್ತು ಹದಿನೈದು ಗಂಟೆ ಕಳೆದಿರುತ್ತದೆ. ಅಂಥದ್ದೊಂದು ಸುಳಿವು ಸ್ವಲ್ಪ ಮೊದಲೇ ಬಂದಿದ್ದರೆ ಎಷ್ಟೋ ಜನ ನಡುದಾರಿಯಲ್ಲಿ ಬಿಡುತ್ತಿರಲಿಲ್ಲ. ಡ್ರೀಮ್ ನೇಲ್‌ನಿಂದ 900 ಎಸೆನ್ಸ್ (ಕನಸಿನ ಸಾರ) ಕೂಡಿಸಿದವರಿಗೆ ಸಿಗುವ ಡ್ರೀಮ್‌ಗೇಟ್ ಬೇಕಾದ ಜಾಗದಲ್ಲಿ ಬಾಗಿಲು ನೆಟ್ಟು ಅಲ್ಲಿಗೆ ಹಾರಿ ಬರಲು ಬಿಡುತ್ತದೆ, ಒಮ್ಮೆಗೆ 1 ಎಸೆನ್ಸ್ ಖರ್ಚು. ಅಷ್ಟು ಹೊತ್ತಿಗೆ ದಾರಿಯೆಲ್ಲ ಗೊತ್ತಾಗಿಬಿಟ್ಟಿರುತ್ತದೆ ಎನ್ನುವುದೇ ತಮಾಷೆ.

ವಾರಗಟ್ಟಲೆ ಬಿಟ್ಟುಬಿಟ್ಟು ಆಡುವವರಿಗೆ ಈ ಗೇಮ್ ಕಷ್ಟ. ಹಿಂದಿನ ಸಲ ಎಲ್ಲಿಗೆ ಹೊರಟಿದ್ದೆವು ಎಂದು ನೆನಪಿಸುವ ಯಾವುದೂ ಒಳಗಿಲ್ಲ. ಮುಗಿಸುವ ಮುನ್ನ ಫೋನಿನಲ್ಲಿ ಮೂರು ಸಾಲು ಬರೆದಿಟ್ಟರೆ ಸಾಕು: ಯಾವ ಬೆಂಚ್, ಯಾವ ಅಡ್ಡಿ, ಮುಂದೆ ಯಾವ ಕಡೆ.

ಇದರ ಮುಂದಿನ ಗೇಮ್ ಆಗಿ 2025ರ ಸೆಪ್ಟೆಂಬರ್‌ನಲ್ಲಿ ಬಂದ ಸಿಲ್ಕ್‌ಸಾಂಗ್ ಮೊದಲು ಆಡಿ ಇಲ್ಲಿಗೆ ಬರುವವರೂ ಇದ್ದಾರೆ. ಅಲ್ಲಿ ಮ್ಯಾಪ್ ಮಾರುವ ಶಕ್ರಾಳ ಹಾಡು ಕೇಳಿ ಪಳಗಿದ ಕಿವಿಗೆ ಕಾರ್ನಿಫರ್ ಹುಡುಕುವುದು ಸುಲಭ. ಕಾಲಿಗೆ ಮಾತ್ರ ಬೇಜಾರಾಗುತ್ತದೆ, ಯಾಕೆಂದರೆ ಅಲ್ಲಿನ ನಾಯಕಿ ಹಾರ್ನೆಟ್ ಹಾಗೆ ಬಟನ್ ಒತ್ತಿ ಓಡಲು ಇಲ್ಲಿ ಬರುವುದಿಲ್ಲ. ಬಂದ ದಾರಿಯಲ್ಲೇ ವಾಪಸ್ ನಡೆಯುವುದು ಬೇಸರವೆನಿಸಿದರೆ ಕ್ರಿಸ್ಟಲ್ ಪೀಕ್‌ನಲ್ಲಿ ಸಿಗುವ ಅಂಗಡಿ ಕೀಲಿಯನ್ನು ಸ್ಲೈಗೆ ತಂದುಕೊಡಿ, ಆಗ 400 ಜಿಯೋಗೆ ಸ್ಪ್ರಿಂಟ್‌ಮಾಸ್ಟರ್ ಚಾರ್ಮ್ ಮಾರಾಟಕ್ಕೆ ಬರುತ್ತದೆ. ಅದಕ್ಕೂ ಬೇಕಾಗುವುದು ಒಂದೇ ನಾಚ್. ದಾರಿ ಬಾಯಿಪಾಠವಾದ ಪ್ರದೇಶಗಳಲ್ಲಿ ಕಂಪಾಸ್ ತೆಗೆದು ಆ ಜಾಗದಲ್ಲಿ ಇದನ್ನು ಹಾಕಿಕೊಳ್ಳಬಹುದು.