ಟೊಮೆಟೊ ಸೊರಗಿದರೆ ಮೊದಲು ಗಾಜಿನ ಲೋಟ, ಆಮೇಲೆ ಟ್ರೈಕೋಡರ್ಮಾ

ಮಧ್ಯಾಹ್ನ ಗಿಡ ಬಾಡುತ್ತದೆ, ಸಂಜೆಗೆ ಚೇತರಿಸಿಕೊಳ್ಳುತ್ತದೆ, ನಾಲ್ಕೈದು ದಿನದಲ್ಲಿ ಎಲೆ ಹಸಿರಿರುವಾಗಲೇ ಸಾಯುತ್ತದೆ. ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರಿಗೆ ಇದು ಹೊಸದಲ್ಲ. ರಾಸಾಯನಿಕ ಬೇಡವೆನ್ನುವವರು ಕೂಡಲೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕಲಸಿ, ಕಾಲುವೆ ನೀರಿನ ಜೊತೆ ಬಿಡುತ್ತಾರೆ. ವಾರದೊಳಗೆ ನೀರು ಹರಿದ ದಿಕ್ಕಿಗೇ ಸಾಲುಸಾಲು ಬಾಡುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಔಷಧದ ಜೊತೆ ರೋಗವನ್ನೂ ನೀವೇ ಹರಿಸಿದಂತಾಗುತ್ತದೆ.

ಟ್ರೈಕೋಡರ್ಮಾ ಕೆಲಸ ಮಾಡುವುದು ಮುಖ್ಯವಾಗಿ ಶಿಲೀಂಧ್ರಗಳ ಮೇಲೆ. ಹಸಿರಾಗಿದ್ದಂತೆಯೇ ಗಿಡ ಕುಸಿಯುವುದು ಸಾಮಾನ್ಯವಾಗಿ ರಾಲ್‌ಸ್ಟೋನಿಯಾ ಎಂಬ ದುಂಡಾಣುವಿನಿಂದ. ಪರೀಕ್ಷೆ ಸುಲಭ: ಬಾಡಿದ ಗಿಡದ ಬುಡದಿಂದ ಒಂದು ಗೇಣು ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಎಳೆ ಇಳಿಯದೆ, ಕೆಳಗಿನ ಎಲೆ ಒಂದೇ ಪಕ್ಕ ಹಳದಿಯಾಗಿ, ಸೀಳಿದ ಕಾಂಡದೊಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಇರಬಹುದು. ಬೇರನ್ನೂ ಕಿತ್ತು ನೋಡಿ, ಗಂಟುಗಳಿದ್ದರೆ ಬೇರಿನ ಜಂತುಹುಳು (ನೆಮಟೋಡ್). ಅದು ಮಾಡಿದ ಗಾಯದಿಂದಲೇ ಉಳಿದೆರಡೂ ಸುಲಭವಾಗಿ ಒಳಹೊಗುತ್ತವೆ.

ದುಂಡಾಣು ಹೊಕ್ಕ ಗಿಡಕ್ಕೆ ಮದ್ದಿಲ್ಲ. ಬುಡದ ಮಣ್ಣಿನ ಸಮೇತ ಕಿತ್ತು ಚೀಲಕ್ಕೆ ಹಾಕಿ ಹೊಲದಾಚೆ ಸುಡಿ. ತಿಪ್ಪೆಗೂ ಕಾಲುವೆಗೂ ಎಸೆಯಬೇಡಿ. ನೀರು ಹಾಯಿಸುವುದನ್ನು ನಿಲ್ಲಿಸಿ ಡ್ರಿಪ್‌ಗೆ ಬನ್ನಿ. ಮುಂದಿನ ಎರಡು ಮೂರು ವರ್ಷ ಆ ಜಾಗದಲ್ಲಿ ರಾಗಿ, ಜೋಳ ಹಾಕಿ. ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೇಡ. ಕಡಲೆಕಾಯಿಯೂ ಬೇಡ, ಅದಕ್ಕೂ ಈ ರೋಗ ತಗಲುತ್ತದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಈ ರೋಗ ತಡೆಯುವ ಬದನೆ ತಳಿಯ ಬೇರಿಗೆ ಕಸಿ ಮಾಡಿದ ಸಸಿಯೂ ಒಳ್ಳೆಯದೇ, ಆದರೆ ಇಲ್ಲೊಂದು ತಪ್ಪು ಎಲ್ಲವನ್ನೂ ಕೆಡಿಸುತ್ತದೆ. ಟೊಮೆಟೊ ಸಸಿಯನ್ನು ಆಳಕ್ಕೆ ನೆಡುವ ರೂಢಿಯಲ್ಲಿ ಕಸಿಯ ಗಂಟನ್ನೂ ಹೂತುಬಿಡುತ್ತಾರೆ. ಗಂಟಿನ ಮೇಲಿಂದ ಟೊಮೆಟೊ ಬೇರು ಹೊರಟು, ರೋಗ ನೇರವಾಗಿ ಒಳಗೆ ಹೋಗುತ್ತದೆ. ಗಂಟು ಮಣ್ಣಿನಿಂದ ಎರಡು ಮೂರು ಬೆರಳು ಮೇಲಿರಲಿ. ಮಣ್ಣು ಏರಿಸುವಾಗಲೂ ಇದು ನೆನಪಿರಲಿ.

ಫ್ಯುಸೇರಿಯಂ ಆದರೆ ಟ್ರೈಕೋಡರ್ಮಾ ಸರಿ, ಆದರೆ ನಾಟಿಗೆ ಮುಂಚೆ. ಚೆನ್ನಾಗಿ ಕಳಿತ 100 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿಗೆ 1 ಕೆಜಿ ಟ್ರೈಕೋಡರ್ಮಾ ಪುಡಿ ಬೆರೆಸಿ. ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ 15 ದಿನ ಇಡಿ, ನಡುವೆ ಒಮ್ಮೆ ತಿರುವಿ. ಹಸಿ ಸಗಣಿಯ ಕಾವಿಗೆ ಅದು ಸಾಯುತ್ತದೆ. ಅವಧಿ ಮೀರಿದ ಪೊಟ್ಟಣದಲ್ಲಿ ಉಳಿದಿರುವುದು ಹೆಚ್ಚಾಗಿ ಟಾಲ್ಕ್ ಪುಡಿಯಷ್ಟೇ. ಟ್ರೈಕೋಡರ್ಮಾವನ್ನು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಜೊತೆ ಬೆರೆಸಿಯೂ ಕೊಲ್ಲುವವರಿದ್ದಾರೆ.

ಏಪ್ರಿಲ್, ಮೇ ಬಿಸಿಲಲ್ಲಿ ಹೊಲ ಖಾಲಿಯಿದ್ದರೆ, ಮಣ್ಣಿನ ರೋಗಾಣುಗಳನ್ನು ಕಾವಿನಿಂದ ಕುಗ್ಗಿಸಲು ಮಣ್ಣು ನೆನೆಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ 4ರಿಂದ 6 ವಾರ ಬಿಡಿ. ಮಲ್ಚಿಂಗ್‌ಗೆ ತಂದ ಕಪ್ಪು ಹಾಳೆಯನ್ನು ಇದಕ್ಕೆ ಹಾಸಬೇಡಿ, ಕಾವು ಹಾಳೆಯಲ್ಲೇ ಉಳಿದು ಮಣ್ಣಿನೊಳಗೆ ಸಾಕಷ್ಟು ಇಳಿಯುವುದಿಲ್ಲ.