ಮೊದಲ ಡ್ರೈಸೂಟ್: ವಾಸ್ಕೋದ ಕಪಾಟಿನಲ್ಲಿ ಮೂರು ಮಳೆಗಾಲ

ಗೋವಾದ ವಾಸ್ಕೋದಲ್ಲಿದ್ದುಕೊಂಡು ಡ್ರೈಸೂಟ್, ಅಂದರೆ ತಣ್ಣೀರಿನ ಡೈವಿಂಗಿಗೆಂದು ತೊಡುವ ನೀರು ಒಳಬಿಡದ ಉಡುಪು, ಕೊಂಡವನನ್ನು ನೋಡಿ ಜನ ನಕ್ಕರೆ ಅದರಲ್ಲಿ ತಪ್ಪೇನಿಲ್ಲ. ಗ್ರಾಂಡೆ ದ್ವೀಪದ ಸುತ್ತಲಿನ ನೀರು ಡೈವಿಂಗ್ ಕಾಲದಲ್ಲಿ ಹೆಚ್ಚುಕಡಿಮೆ 27ರಿಂದ 30 ಡಿಗ್ರಿ ಇರುತ್ತದೆ. ಅಲ್ಲಿ 3 ಮಿಲಿಮೀಟರ್ ವೆಟ್‌ಸೂಟ್ ಕೂಡ ಹೆಚ್ಚೆನಿಸುವ ದಿನಗಳುಂಟು. ಆದರೆ ಇಲ್ಲಿನ ಹಡಗು ದುರಸ್ತಿ ಯಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದ ನನಗೆ ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಇರುವ ಸ್ಕಾಪಾ ಫ್ಲೋ ಎಂಬ ಕಡಲಭಾಗವನ್ನು ಒಮ್ಮೆ ನೋಡಲೇಬೇಕೆಂಬ ಆಸೆಯಿತ್ತು. 1919ರ ಜೂನ್ 21ರಂದು ಜರ್ಮನ್ ನೌಕಾಪಡೆಯವರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದ ಜಾಗ ಅದು. ಕೋನಿಗ್, ಮಾರ್ಕ್‌ಗ್ರಾಫ್ ಮತ್ತು ಕ್ರೋನ್‌ಪ್ರಿಂಜ್ ವಿಲ್ಹೆಲ್ಮ್ ಎಂಬ ಮೂರು ದೈತ್ಯ ಯುದ್ಧನೌಕೆಗಳು ಇಂದಿಗೂ ಅದರ ತಳದಲ್ಲಿ ಬೋರಲಾಗಿ ಬಿದ್ದಿವೆ. ಬೇಸಿಗೆಯ ಕೊನೆಯಲ್ಲಿಯೂ ಅಲ್ಲಿನ ನೀರು 14 ಡಿಗ್ರಿಯ ಆಚೀಚೆ ಇರುತ್ತದೆ. ಗೋವಾದ ಡೈವಿಂಗ್ ದೋಣಿಗಳು ಮಳೆಗಾಲಕ್ಕೆಂದು ದಡ ಸೇರುವ ತಿಂಗಳುಗಳೇ ಅಲ್ಲಿನ ಒಳ್ಳೆಯ ಕಾಲವಾದ್ದರಿಂದ, ಅಬರ್ಡೀನ್‌ನಲ್ಲಿರುವ ತಮ್ಮನ ಮನೆಯ ನೆಪದಲ್ಲಿ 2022, 2023 ಮತ್ತು 2025ರ ಆಗಸ್ಟ್‌ಗಳಲ್ಲಿ ಹೋಗಿ, ಒಟ್ಟು 43 ಡೈವ್‌ಗಳನ್ನು ಒಂದೇ ಸೂಟಿನಲ್ಲಿ ಮುಗಿಸಿದ್ದೇನೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಬೇಕೆಂದಿರುವ ವಿಷಯ ಯಾವ ಕಂಪನಿಯ ಸೂಟಿಗಾದರೂ ಅನ್ವಯಿಸುತ್ತದೆ. ಆ ಸೂಟ್ ವರ್ಷಕ್ಕೆ ಎರಡು ವಾರ ತಣ್ಣೀರಿನಲ್ಲಿದ್ದರೆ, ಉಳಿದ ಐವತ್ತು ವಾರ ವಾಸ್ಕೋದ ಕಪಾಟಿನಲ್ಲಿರುತ್ತದೆ. ಆಯ್ಕೆ ಮಾಡುವಾಗ ನಾನು ಆ ಎರಡು ವಾರಗಳ ಬಗ್ಗೆ ಮಾತ್ರ ಯೋಚಿಸಿದ್ದೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಸೆಳೆಯುತ್ತದೆ. ವೆಟ್‌ಸೂಟ್ ಒಳಗೆ ನುಗ್ಗಿದ ನೀರನ್ನೇ ಬೆಚ್ಚಗಿಟ್ಟುಕೊಂಡು ಕಾಲ ತಳ್ಳುತ್ತದೆ. ಡ್ರೈಸೂಟ್ ನೀರನ್ನು ಹೊರಗೇ ನಿಲ್ಲಿಸಿ, ಮೈಗೂ ನೀರಿಗೂ ನಡುವೆ ಗಾಳಿಯ ಪದರವನ್ನು ಇಡುತ್ತದೆ. ನನ್ನ ಮುಂದೆ ಇದ್ದ ಆಯ್ಕೆಗಳು ಎರಡು. ನಿಯೋಪ್ರೀನ್ ಎಂಬ ಗುಳ್ಳೆ ತುಂಬಿದ ರಬ್ಬರಿನ ಸೂಟ್ ತಾನೇ ಬೆಚ್ಚಗಿರುತ್ತದೆ ಮತ್ತು ಮೈಗೆ ಒಪ್ಪುತ್ತದೆ, ಆದರೆ ಸಾಮಾನ್ಯ ನಿಯೋಪ್ರೀನ್‌ನೊಳಗಿನ ಗುಳ್ಳೆಗಳು ಆಳಕ್ಕೆ ಹೋದಂತೆ ಕುಗ್ಗುವುದರಿಂದ ಬಿಸುಪೂ ತೇಲುವ ಗುಣವೂ ಎರಡೂ ಕಡಿಮೆಯಾಗುತ್ತವೆ. ಟ್ರೈಲ್ಯಾಮಿನೇಟ್ ಎಂಬುದು ಎರಡು ಬಟ್ಟೆಗಳ ನಡುವೆ ಬ್ಯುಟೈಲ್ ರಬ್ಬರಿನ ಹಾಳೆಯನ್ನಿಟ್ಟು ಕೂಡಿಸಿದ ತೆಳು ಚೀಲ. ಅದಕ್ಕೆ ಸ್ವಂತ ಬಿಸುಪು ಎಂಬುದೇ ಇಲ್ಲ, ಎಲ್ಲವೂ ಒಳಗೆ ತೊಡುವ ಅಂಡರ್‌ಸೂಟ್‌ನ ಮೇಲೆ ನಿಂತಿದೆ. ನಾನು ಟ್ರೈಲ್ಯಾಮಿನೇಟ್ ಆರಿಸಿಕೊಂಡಿದ್ದು ವಿಮಾನದ ಲಗೇಜು ಮಿತಿಯ ಭಯದಿಂದ. ಆದರೆ ಅದರ ನಿಜವಾದ ಲಾಭ ಗೊತ್ತಾದದ್ದು ಮನೆಗೆ ಬಂದ ಮೇಲೆ. ದಪ್ಪ ನಿಯೋಪ್ರೀನ್ ಗೋವಾದ ಸೆಪ್ಟೆಂಬರಿನಲ್ಲಿ ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟರೊಳಗೆ ಬೂಷ್ಟು ಹಿಡಿದಿರುತ್ತದೆ; ನನ್ನ ಸೂಟನ್ನು ಫ್ಯಾನಿನ ಕೆಳಗೆ ಮೊದಲು ಒಳಮೈ, ಆಮೇಲೆ ಹೊರಮೈ ಮಾಡಿ ತೂಗುಹಾಕಿದರೆ ಮರುದಿನ ಸಂಜೆಗೆ ಒಣಗಿರುತ್ತದೆ.

ನಾನು ಎಡವಿದ್ದು ಸೀಲ್‌ಗಳ ವಿಷಯದಲ್ಲಿ. ಕುತ್ತಿಗೆ ಮತ್ತು ಮಣಿಕಟ್ಟುಗಳಲ್ಲಿ ನೀರನ್ನು ತಡೆಯುವ ಪಟ್ಟಿಗಳಿವು, ಮತ್ತು ಸೂಟಿನೊಡನೆ ಬಂದದ್ದು ಲ್ಯಾಟೆಕ್ಸ್ ಎಂಬ ತೆಳು ರಬ್ಬರಿನದು. ಹಾಕಿಕೊಳ್ಳಲು ಹಿತ, ನೀರನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಬಿಸಿಲು, ಓಝೋನ್ ಮತ್ತು ಎಣ್ಣೆ ಅದರ ಶತ್ರುಗಳು. ಅದರಲ್ಲಿಯೂ ಎಣ್ಣೆಯ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ತಲೆಗೆ ಹೋಗಿರಲಿಲ್ಲ. ತಲೆಗೆ ಹೋಗಿದ್ದು ಕೊಬ್ಬರಿ ಎಣ್ಣೆ ಮಾತ್ರ. ಮೊದಲ ಪ್ರವಾಸದಲ್ಲಿ ದಿನವೂ ಎಣ್ಣೆ ಹಚ್ಚಿದ ತಲೆಯನ್ನೇ ಆ ಸೀಲ್‌ನಲ್ಲಿ ತೂರಿಸಿದ್ದೆ. 2023ರ ಜೂನ್‌ನಲ್ಲಿ ಕಪಾಟು ತೆರೆದು ನೋಡಿದರೆ ಕುತ್ತಿಗೆಯ ಸೀಲ್ ಹಳೆಯ ಸೈಕಲ್ ಟ್ಯೂಬಿನಂತೆ ಅಂಟಂಟಾಗಿತ್ತು, ಎಳೆದೊಡನೆ ಹರಿಯಿತು. ಹೊರಡಲು ಎರಡು ತಿಂಗಳಷ್ಟೇ ಉಳಿದಿತ್ತು, ಅದನ್ನು ಅಂಟಿಸಿಕೊಡುವವರು ಇಡೀ ಗೋವಾದಲ್ಲಿ ನನಗೆ ಸಿಗಲಿಲ್ಲ. ಕೊನೆಗೆ ಅಬರ್ಡೀನ್‌ನಲ್ಲಿ ಕುತ್ತಿಗೆಗೂ ಮಣಿಕಟ್ಟುಗಳಿಗೂ ಸೀಲನ್ನು ಅಂಟಿಲ್ಲದೆ ಸಿಕ್ಕಿಸುವ ಉಂಗುರದ ವ್ಯವಸ್ಥೆ ಹಾಕಿಸಿ, ಸಿಲಿಕೋನ್ ಸೀಲ್‌ಗೆ ಬದಲಾಯಿಸಿಕೊಂಡೆ. ಸೀಲ್ ಕೂರಿಸುವ ಸಾಮಾನ್ಯ ಅಂಟು ಸಿಲಿಕೋನ್‌ಗೆ ಹಿಡಿಯುವುದಿಲ್ಲವಾದ್ದರಿಂದ ಉಂಗುರ ಬೇಕೇ ಬೇಕು. ಉಗುರು ತಾಗಿ ಒಮ್ಮೆ ಸೀಳಿದರೆ ಅದು ಉದ್ದಕ್ಕೂ ಸೀಳುತ್ತದೆ ಎಂಬುದೂ ನಿಜ. ಆದರೆ ಹರಿದ ಸೀಲನ್ನು ತೆಗೆದು ಹೊಸದನ್ನು ಕೂರಿಸುವುದು ದೋಣಿಯ ಮೇಲೆಯೇ ಆಗುವ ಕೆಲಸ, ಮತ್ತು ಎರಡು ಮಳೆಗಾಲ ಕಳೆದರೂ ಅದು ಅಂಟಾಗಿಲ್ಲ. ಕರಾವಳಿಯಲ್ಲಿ ವಾಸಿಸುವವರು ಈ ಉಂಗುರಗಳನ್ನು ಕೊಳ್ಳುವಾಗಲೇ ಹಾಕಿಸಿಕೊಳ್ಳುವುದು ಲೇಸು. ಆಮೇಲೆ ಹಾಕಿಸಿದ್ದಕ್ಕೆ ನಾನು ಕೂಲಿಯನ್ನು ಬೇರೆ ತೆತ್ತೆ. ಸೀಲ್ ಯಾವುದೇ ಇರಲಿ, ಕುತ್ತಿಗೆಯಲ್ಲಿ ಅತಿ ಬಿಗಿಯಾಗಿರಬಾರದು. ಕತ್ತಿನ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ಎದೆಬಡಿತ ನಿಧಾನಗೊಂಡು ತಲೆ ಸುತ್ತುತ್ತದೆ, ಪ್ರಜ್ಞೆ ತಪ್ಪುವುದೂ ಉಂಟು.

ಝಿಪ್ ವಿಷಯದಲ್ಲಿ ಅದೃಷ್ಟ ನನ್ನ ಕಡೆಗಿತ್ತು. ಎದೆಯ ಮೇಲೆ ಓರೆಯಾಗಿ ಬರುವ ಪ್ಲಾಸ್ಟಿಕ್ ಝಿಪ್ ಇರುವುದರಿಂದ ಯಾರ ಸಹಾಯವೂ ಇಲ್ಲದೆ ತೊಟ್ಟುಕೊಳ್ಳಬಹುದು. ಬೆನ್ನಿನ ಮೇಲಿನ ಝಿಪ್ ಇದ್ದಿದ್ದರೆ ಪ್ರತಿ ಸಲವೂ ಇನ್ನೊಬ್ಬರನ್ನು ಕರೆಯಬೇಕಾಗುತ್ತಿತ್ತು. ಜೊತೆಗಾರರೊಬ್ಬರ ಸೂಟಿನಲ್ಲಿದ್ದ ಹಿತ್ತಾಳೆಯ ಝಿಪ್ ಗಟ್ಟಿಯೇನೋ ಹೌದು, ಆದರೆ ಮೇಣ ತಿಕ್ಕುವುದನ್ನು ಮರೆತರೆ ಉಪ್ಪುಗಾಳಿಗೆ ಹಸಿರು ಕಟ್ಟುತ್ತದೆ.

2025ರಲ್ಲಿ ಎಡ ಮೊಣಕಾಲಿನ ಬಳಿ ಒದ್ದೆಯಾಗತೊಡಗಿತು. ಮೊದಮೊದಲು ಅದನ್ನು ಬೆವರೆಂದು ತಿಳಿದಿದ್ದೆ, ಏಕೆಂದರೆ ಡ್ರೈಸೂಟಿನೊಳಗೆ ಬೆವರು ತಣಿದು ನೀರಾಗುವುದು ಸಾಮಾನ್ಯ. ಊರಿಗೆ ಮರಳಿದ ಮೇಲೆ ಮಣಿಕಟ್ಟುಗಳಿಗೆ ಸೋಡಾ ಬಾಟಲಿಗಳನ್ನೂ ಕುತ್ತಿಗೆಗೆ ಒಂದು ಸ್ಟೀಲ್ ಚೆಂಬನ್ನೂ ತುರುಕಿ, ಗಾಳಿ ಹೊರಬಿಡುವ ಡಂಪ್ ವಾಲ್ವ್ ಮುಚ್ಚಿ, ಸಿಲಿಂಡರಿನಿಂದ ಗಾಳಿ ತುಂಬಿಸಿ, ಸೋಪಿನ ನೀರು ಬಳಿದು ಗುಳ್ಳೆ ಎಲ್ಲೇಳುತ್ತದೆಂದು ಹುಡುಕಿದೆ. ಬೀದಿಯ ತುದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಬಾಗಲಕೋಟೆಯವರು ಬಂದು ನಿಂತು, "ಇಷ್ಟ ದೊಡ್ಡ ಟ್ಯೂಬ್ ನಾ ಎಂದೂ ನೋಡಿಲ್ರಿ" ಎಂದವರು, ನನಗಿಂತ ಮೊದಲು ತಾವೇ ತೂತನ್ನು ಕಂಡುಹಿಡಿದರು. ಸೂಟಿನೊಡನೆ ಬಂದಿದ್ದ ಅಂಟನ್ನು ಒಳಗಿನಿಂದ ಹಚ್ಚಿದ್ದೇನೆ. ಕೊಳದಲ್ಲಿ ಪರೀಕ್ಷಿಸಿದಾಗ ಅದು ನಿಂತಿತು.

ಬೆಚ್ಚಗಿರಿಸುವ ಕೆಲಸವೆಲ್ಲ ಅಂಡರ್‌ಸೂಟ್‌ನದೇ ಆದ್ದರಿಂದ ಅದರಲ್ಲಿ ಹಣ ಉಳಿಸಬಾರದಿತ್ತು. ಮೊದಲ ವರ್ಷ ತೆಳುವಾದ ಫ್ಲೀಸ್‌ನ ಒಳಗೆ ರೂಢಿಯಂತೆ ಹತ್ತಿ ಬನಿಯನ್ ತೊಟ್ಟೆ. ಆರ್ಕ್ನಿಯ ಬಿಸಿಲಿನಲ್ಲಿ ದೋಣಿಯ ಮೇಲೆ ಕಾಯುವಾಗ ಅದು ಬೆವರು ಕುಡಿಯಿತು, 30 ಮೀಟರ್ ಆಳದಲ್ಲಿ ಅದೇ ಬೆವರು ಐಸಿನಂತೆ ಬೆನ್ನಿಗೆ ಅಂಟಿಕೊಂಡಿತು. ಎರಡನೆಯ ಸಲ ಉಣ್ಣೆಯ ಒಳಂಗಿ ಮತ್ತು ದಪ್ಪ ಥಿನ್ಸುಲೇಟ್ ಬಟ್ಟೆಯ ಅಂಡರ್‌ಸೂಟ್ ತೊಟ್ಟಾಗ 40 ನಿಮಿಷ ನಡುಗದೆ ಇರಲು ಸಾಧ್ಯವಾಯಿತು. ಅಷ್ಟು ಗಾಳಿಯನ್ನು ಹೊತ್ತು ಮುಳುಗಲು ಸೊಂಟದ ಸೀಸದ ತೂಕವೂ ಹೆಚ್ಚು ಬೇಕಾಗುತ್ತದೆ. ಗೋವಾದಲ್ಲಿ 4 ಕಿಲೋ ಕಟ್ಟಿಕೊಳ್ಳುವ ನಾನು ಅಲ್ಲಿ 11 ಕಿಲೋ ಕಟ್ಟಿಕೊಂಡೆ.

ಅಭ್ಯಾಸವಿಲ್ಲದೆ ಈ ಸೂಟನ್ನು ಆಳಕ್ಕೆ ಒಯ್ಯಬಾರದು. 10 ಮೀಟರಿಗೆ ಒಳಗಿನ ಗಾಳಿ ಅರ್ಧಕ್ಕೆ ಕುಗ್ಗಿ ಬಟ್ಟೆಯ ಮಡಿಕೆಗಳು ಚಿವುಟುತ್ತವೆ, ಎದೆಯ ಮೇಲಿನ ಗುಂಡಿ ಒತ್ತಿ ಸಿಲಿಂಡರಿನ ಗಾಳಿಯನ್ನು ಒಳಕ್ಕೆ ಬಿಟ್ಟುಕೊಳ್ಳಬೇಕು. ಮೇಲೇರುವಾಗ ಎಡ ತೋಳಿನ ವಾಲ್ವ್ ಅದನ್ನು ಹೊರಹಾಕಬೇಕು. ಗಾಳಿ ಪಾದಗಳಿಗೆ ನುಗ್ಗಿದರೆ ಮನುಷ್ಯ ತಲೆಕೆಳಗಾಗಿ ಮೇಲಕ್ಕೆ ಹಾರುತ್ತಾನೆ. ಮಂಡಿ ಮಡಚಿ, ಉರುಳಿ ನೆಟ್ಟಗಾಗುವುದನ್ನು ನಾನು ತರಬೇತಿಯ ಕೊಳದಲ್ಲಿ ಹತ್ತಾರು ಬಾರಿ ಮಾಡಿದ ಮೇಲೆಯೇ ಶಿಕ್ಷಕರು ಸಮುದ್ರಕ್ಕೆ ಬಿಟ್ಟರು.

ಅಳತೆ ನೋಡುವಾಗ ಅಂಡರ್‌ಸೂಟ್ ತೊಟ್ಟೇ ನೋಡಿದ್ದೆ, ಕುಕ್ಕರಗಾಲಿನಲ್ಲಿ ಕುಳಿತೆದ್ದು, ಎರಡೂ ಕೈಗಳನ್ನು ಕತ್ತಿನ ಹಿಂದಕ್ಕೆ ಒಯ್ದು ಪರೀಕ್ಷಿಸಿದ್ದೆ; ಹಾಗಾಗಿ ಆ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ಬೂಟುಗಳನ್ನು ಮಾತ್ರ ತೆಳು ಕಾಲುಚೀಲದಲ್ಲಿ ಹಾಕಿ ನೋಡಿದ್ದೆ. ಉಣ್ಣೆಯ ಕಾಲುಚೀಲದೊಡನೆ ಅವು ಇಂದಿಗೂ ಬಿಗಿಯಾಗಿವೆ, ಬೆರಳುಗಳಿಗೆ ಮೊದಲು ಚಳಿ ಹತ್ತುತ್ತದೆ. ಗೋವಾದಿಂದ ಹೊತ್ತೊಯ್ದ ಫಿನ್‌ಗಳು, ಅಂದರೆ ಕಾಲಿಗೆ ತೊಡುವ ಈಜುರೆಕ್ಕೆಗಳಂತೂ ಆ ಬೂಟಿಗೆ ಹಿಡಿಸಲೇ ಇಲ್ಲ. ಮೊದಲ ದಿನವೇ ಹೊಸ ಜೊತೆ ಕೊಂಡೆ.